ತಿದ್ದುಪಡಿಗೆ ಕಾರಣ

ಮಗಳ ಮದುವೆಯ ಕರೆಯೋಲೆಯನ್ನು ಅಕ್ಕನಿಗೆ ಮೇಲ್ ಮಾಡು ಎಂದು ಚಂದ್ರಶೇಖರಯ್ಯನವರು ಹೇಳಿದರೆ, ಏಜೆಂಟ್ ಒಪ್ಪಲಿಲ್ಲ. 'ಕ್ಷಮಿಸಿ. ಇವರು ನಿಮಗಿಂತ ಹಿರಿಯರು. ಮನೆಗೆ ಹೋಗಿ, ಎಲೆ ಅಡಿಕೆ ಕೊಟ್ಟು ಕರೆಯಿರಿ' ಎಂದು ಪರದೆಯ ಮೇಲೆ ಬರೆದು ಸುಮ್ಮನಾಯಿತು.

ಏಜೆಂಟ್ ಎಂದರೆ ಮನುಷ್ಯನಲ್ಲ. ಹಾಸನದ ಅವರ ಬಿತ್ತನೆ ಆಲೂಗಡ್ಡೆ ಅಂಗಡಿಗೆ ಬರುವ ಮೇಲ್‌ಗಳನ್ನೆಲ್ಲ ಓದಿ, ಉತ್ತರ ಬರೆದು, ತಾನೇ ಕಳಿಸುವ ಎಐ ತಂತ್ರಾಂಶ. ಅದು ಬಂದ ಮೇಲೆ ಚಂದ್ರಶೇಖರಯ್ಯನವರು ಮೇಲ್‌ನ ಪಾಸ್‌ವರ್ಡನ್ನೇ ಮರೆತು ನೆಮ್ಮದಿಯಾಗಿದ್ದರು. ಅದು ಯಾವ ಮೇಲ್ ಕಳಿಸಬಹುದು, ಯಾವುದು ಕೂಡದು ಎಂಬುದಕ್ಕೆಲ್ಲ ಒಂದು ಕೈಪಿಡಿ ಉಂಟು. ಕೈಪಿಡಿಯಲ್ಲಿ ಇಲ್ಲದ್ದನ್ನು ಅದು ಮಾಡುವುದಿಲ್ಲ, ಇದ್ದದ್ದನ್ನು ಬಿಡುವುದಿಲ್ಲ. ಈ ವಿಷಯದಲ್ಲಿ ಅದು ಅಂಗಡಿಯ ಆಳುಗಳಿಗಿಂತ ವಾಸಿ ಎಂದು ಅವರೇ ನಾಲ್ಕು ಜನರ ಮುಂದೆ ಹೊಗಳಿದ್ದರು.

"ಈ ರೂಲ್ಸು ಯಾವನು ಬರ್ದಿದ್ದು?" ಎಂದು ಈಗ ಕೂಗಿದರು.

"ನಾನೇ ಅಪ್ಪಾಜಿ" ಎಂದಳು ಎದುರಿಗೇ ಕೂತಿದ್ದ ಮಾನಸಾ. ಏಜೆಂಟನ್ನು ಮಾಡಿದ ಕಂಪನಿಯಲ್ಲಿ ಕೈಪಿಡಿ ಬರೆಯುವುದೇ ಅವಳ ಕೆಲಸ. ಮದುವೆಯ ಹುಡುಗಿಯೂ ಅವಳೇ.

"ಅಳಿಸ್ಬುಡು."

"ಅಳಿಸ್ತೀನಿ. ಆದ್ರೆ ನಮ್ಮಲ್ಲಿ ಏನೇ ತಿದ್ದಿದ್ರೂ ಯಾಕ್ ತಿದ್ದಿದ್ದು ಅಂತ ಪಕ್ಕದಲ್ಲಿ ಕಾರಣ ಬರೀಬೇಕು. ಇಲ್ಲದಿದ್ರೆ ಕಂಪ್ಯೂಟರ್ ತಗೊಳಲ್ಲ. ಹೇಳಿ, ಏನಂತ ಬರೀಲಿ?"

"ಪುರುಸೊತ್ತಿಲ್ಲ ಅಂತ ಬರಿ."

"ನಿನ್ನೆ ಅರಕಲಗೂಡಿಗೆ ಹೋಗಿ ಅನಸೂಯಮ್ಮನ್ನ ಕರ್ದು ಬಂದ್ರಿ. ಅವ್ರು ನಮಗೇನಾಗ್ಬೇಕು ಅಂತ ವಾಪಸ್ ಬಂದ್ಮೇಲೆ ಅಮ್ಮನ್ನ ಕೇಳಿದ್ರಿ."

ಚಂದ್ರಶೇಖರಯ್ಯನವರು ಕನ್ನಡಕ ತೆಗೆದು ಒರೆಸಿದರು. ಅಕ್ಕ ನೀಲಾಂಬಿಕೆ ಹೊಳೆನರಸೀಪುರದಲ್ಲಿದ್ದರು. ಸೊಸೈಟಿ ಚುನಾವಣೆಗೆ ತಮ್ಮ ನಿಂತಾಗ, ಆಕೆ ಬೀದಿ ಬೀದಿ ತಿರುಗಿ ಎದುರಾಳಿಗೆ ಓಟು ಕೇಳಿದ್ದರು. ತಮ್ಮ ಸೋತ. ಅಂದಿನಿಂದ ಮಾತಿಲ್ಲ, ಹೋಗಿಬರುವುದಿಲ್ಲ. ಆದರೂ ವಿಳಾಸಗಳ ಪಟ್ಟಿಯಲ್ಲಿ ಆಕೆಯ ಹೆಸರು ಇವತ್ತಿಗೂ 'ಅಕ್ಕ' ಎಂದೇ ಇತ್ತು. ಏಜೆಂಟಿಗೆ ಗೊತ್ತಾದದ್ದು ಹಾಗೆ.

"ಎಲೆಕ್ಷನ್ನಲ್ಲಿ ಬೆನ್ನಿಗೆ ಚೂರಿ ಹಾಕಿದ್ಲು ಅಂತ ಬರಿ. ಇರೋದೇ ಅದು."

"ಈ ಕೈಪಿಡಿ ನಿಮಗೊಬ್ರಿಗೇ ಅಲ್ಲ ಅಪ್ಪಾಜಿ, ಏಜೆಂಟ್ ಇಟ್ಕೊಂಡಿರೋರಿಗೆಲ್ಲ ಇದೇ. ಎಲೆಕ್ಷನ್ನಲ್ಲಿ ಎದುರು ಪಾರ್ಟಿಗೆ ಹೋದ ಸಂಬಂಧಿಕರನ್ನ ಯಾರೂ ಮನೆಗೆ ಹೋಗಿ ಕರೀಬೇಕಾಗಿಲ್ಲ ಅಂತ ಆಗ್ಬಿಡತ್ತೆ."

"ಅಂಗಾದ್ರೆ ಈ ಜಿಲ್ಲೇಲಿ ಒಂದ್ ಮದ್ವೇನೂ ನಡೆಯಾಕಿಲ್ಲ ಬುಡಿ ಸಾವ್ಕಾರ್ರೇ" ಎಂದ ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಪುಟ್ಟರಾಜು.

"ನಿನ್ನ ಯಾರ್ಲಾ ಕರ್ದಿದ್ದು?"

"ಏಜೆಂಟು ಸಾ. ಒಳೆನರಸೀಪುರಕ್ಕೆ ಓಗ್ಬೇಕು, ಗಾಡಿ ತೆಗಿ ಅಂತ ಮೊಬೈಲ್‌ಗೆ ಮೇಲ್ ಬಂತು."

ಅಂಗಡಿಯ ಯಜಮಾನ ಯಾರು ಎಂಬುದು ಚಂದ್ರಶೇಖರಯ್ಯನವರಿಗೆ ಸ್ವಲ್ಪ ಹೊತ್ತು ಹೊಳೆಯಲಿಲ್ಲ. ಮಾನಸಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅದೂ ಕೈಪಿಡೀಲಿದೆ" ಎಂದಳು. "ತೊಟ್ಟಿಲಿಗೆ ಹಾಕಿ ನನಗೆ ಹೆಸರಿಟ್ಟಿದ್ದು ಅತ್ತೆ. ನನ್ನ ಮದ್ವೇಲಿ ಅವ್ರು ಇರ್ಬೇಕು ಅಪ್ಪಾಜಿ. ಬರೀ ಮೇಲ್ ಹೋದ್ರೆ ಅವ್ರು ಬರಲ್ಲ. ನೀವಾದ್ರೂ ಬರ್ತಿರ್ಲಿಲ್ಲ." ಕೈಪಿಡಿಯ ಆ ಸಾಲನ್ನು ಪರದೆಯ ಮೇಲೆ ತೆರೆದಳು. "ಸರಿಯಾದ ಕಾರಣ ಒಂದು ಹೇಳಿ. ಈಗ್ಲೇ ಅಳಿಸ್ತೀನಿ."

ಚಂದ್ರಶೇಖರಯ್ಯನವರು ಯೋಚಿಸಿದರು. ಒಳ್ಳೆಯ ಜಗಳಗಂಟರೇ ಆದ ಅವರಿಗೆ ಕಾರಣ ಸಿಗದೆ ಹೋದದ್ದು ಇದೇ ಮೊದಲು. ಬಾಯಿಗೆ ಬಂದ ಒಂದೆರಡನ್ನು ಅವರೇ ನುಂಗಿದರು. ಪುಟ್ಟರಾಜು ಗಾಡಿಯ ಕೀ ಅಲ್ಲಾಡಿಸುತ್ತ ನಿಂತೇ ಇದ್ದ.

"ಬರ್ಕೊ" ಎಂದರು ಕೊನೆಗೆ. ಮಾನಸಾಳ ಬೆರಳುಗಳು ಕೀಲಿಮಣೆಯ ಮೇಲೆ ಕೂತವು.

"ಒಳಗೆ ಕಾಲಿಡ್ತಿದ್ದಂಗೇ ಅಕ್ಕ 'ಊಟ ಆಯ್ತೇನೋ ಚಂದ್ರು' ಅಂತಾಳೆ. ಅದಾದ್ಮೇಲೆ ನನ್ ಕೈಲಿ ಈ ಜಗಳ ನಡ್ಸಕ್ಕಾಗಲ್ಲ."