ಹುತಾತ್ಮರ ಕಲ್ಲು

ಫ್ರಾನ್ಸಿನ ಆ ಹಳ್ಳಿಗೆ ಒಂದು ಹೊಳೆ, ಒಂದು ಚರ್ಚು, ನಲವತ್ತು ಮನೆ. ಮಹಾಯುದ್ಧಕ್ಕೆ ಹೋದ ಹನ್ನೊಂದು ಮಂದಿಯೂ ಜೀವಂತವಾಗಿ ಮರಳಿದ್ದರು. ಊರಿನ ಮರ್ಯಾದೆ ಹೋದದ್ದೇ ಅಲ್ಲಿ. ಹೊಳೆಯಾಚೆಯ ಹಳ್ಳಿಯವರು ಸತ್ತ ತಮ್ಮ ಇಪ್ಪತ್ತೆರಡು ಜನರ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸಿದ್ದರು. ಸಂತೆಯಲ್ಲಿ ಇವರನ್ನು ಕಂಡರೆ ನಗುತ್ತಿದ್ದರು.

ಮೇಯರು ಕಲ್ಲುಕುಟಿಗನನ್ನು ಕರೆಸಿದ. ಅವನೂ ಆ ಹನ್ನೊಂದು ಮಂದಿಯಲ್ಲಿ ಒಬ್ಬ.

"ನಮ್ಮ ಕಲ್ಲು ಅವರದಕ್ಕಿಂತ ಒಂದು ಮೊಳ ಎತ್ತರ ಇರ್ಬೇಕು."

"ಆಗ್ಲಿ ಸ್ವಾಮಿ. ಯಾರ ಹೆಸರು ಕೆತ್ಲಿ? ನಮ್ಮೂರಲ್ಲಿ ಯಾರೂ ಸತ್ತಿಲ್ವಲ್ಲ."

"ಅದೇ ನಾಚಿಕೆಗೇಡು! ನಿಮ್ಮಲ್ಲಿ ಒಬ್ಬನಾದ್ರೂ ಊರಿನ ಮಾನ ಉಳಿಸ್ಬಾರ್ದಿತ್ತಾ? ಹೆಸರಿಗೆ ಜಾಗ ಬಿಡು. ಮುಂದಿನ ಯುದ್ಧದಲ್ಲಿ ತುಂಬುತ್ತೆ. ಊರ ಸಭೆ ಒಪ್ಪಿದೆ."

"ಎಲ್ಲಾ ಸದಸ್ಯರೂ ಕೈ ಎತ್ತಿದ್ರಾ?"

"ಎಲ್ಲರೂ. ಎಲ್ಲರಿಗಿಂತ ಮೊದಲು ನಾನು."

ಉದ್ಘಾಟನೆಗೆ ಹೊಳೆಯಾಚೆಯವರೂ ಬಂದರು. ಬ್ಯಾಂಡು ಮೊಳಗಿತು, ಮೇಯರು ಎದೆಯುಬ್ಬಿಸಿ ಪರದೆ ಎಳೆದ.

'ದೇಶಕ್ಕಾಗಿ ಮಡಿದವರು' ಎಂಬ ಸಾಲಿನ ಕೆಳಗೆ ಮೊದಲು ಅವನ ಹೆಸರು, ಆಮೇಲೆ ಕೈ ಎತ್ತಿದ ಅಷ್ಟೂ ಸದಸ್ಯರ ಹೆಸರು. ಸತ್ತ ತಾರೀಖಿನ ಜಾಗ ಮಾತ್ರ ಖಾಲಿ.