ಕಡುಬು ಹಂಚಿದ ದಿನ

ಒಂಬತ್ತು ತಿಂಗಳಾದರೂ ಮಗು ಕೂರುತ್ತಿರಲಿಲ್ಲ. ದೊಡ್ಡಾಸ್ಪತ್ರೆಗೆ ತೋರಿಸೋಣವೆಂದು ಸೊಸೆ ಗೋಗರೆದ ಮೇಲೆ, ಅತ್ತೆ ಅಂಗನವಾಡಿಯ ಶಿಬಿರದವರೆಗೆ ಬಂದಿದ್ದಳು. ಮಗು ಮಡಿಲಲ್ಲೇ ನಿದ್ದೆಹೋಗಿತ್ತು.

"ಬೋರಲು ಬಿದ್ದದ್ದು ಯಾವಾಗ?" ನರ್ಸ್ ಕೇಳಿದಳು.

"ಐದು ತಿಂಗಳಿಗೇ ಕಣಮ್ಮ! ಬೀದಿಗೆಲ್ಲ ಕಡುಬು ಹಂಚಿದ್ದೀನಿ. ಈ ನನ್ನ ಸೊಸೆಗೆ ನೆರಳು ಕಂಡರೂ ಹೆದರಿಕೆ," ಎಂದಳು ಅತ್ತೆ.

"ಹೌದೇನಮ್ಮಾ?"

ಸೊಸೆ ಮಗುವಿನ ಕಾಲಿಗೆ ಸೆರಗು ಹೊದಿಸುತ್ತ ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ದೊಡ್ಡಾಸ್ಪತ್ರೆ ಯಾಕೆ? ಕೂರೋದು ಸ್ವಲ್ಪ ತಡ, ಅಷ್ಟೇ. ಮುಂದಿನ ವರ್ಷ ಶಿಬಿರಕ್ಕೆ ಬನ್ನಿ."

ನರ್ಸ್ ದೊಡ್ಡಾಸ್ಪತ್ರೆಗೆ ಕಳಿಸುವವರ ಪಟ್ಟಿಯಿಂದ ಮಗುವಿನ ಹೆಸರು ಹೊಡೆದುಹಾಕಿದಳು.

ಮಗು ಇನ್ನೂ ಬೋರಲು ಬಿದ್ದಿಲ್ಲವೆಂಬ ಮನೆಯವರ ಚುಚ್ಚುಮಾತು ತಾಳಲಾರದೆ, ಕಡುಬು ಹಂಚಿದ ಆ ದಿನ ಅದನ್ನು ಕೈಯಾರೆ ಬೋರಲು ಹಾಕಿ, "ಅತ್ತೇ, ಬಂದು ನೋಡಿ!" ಎಂದು ಕೂಗಿದವಳು ಸೊಸೆಯೇ.