ಎರಡನೆಯ ಪರೀಕ್ಷಕಿ

ಎರಡನೆಯ ಪರೀಕ್ಷಕರ ಕುರ್ಚಿಯಲ್ಲಿ ನೀವೇ ಕೂರಬಹುದೇ ಎಂದು ಪ್ರೊಫೆಸರ್ ಲೊರೇನ್ ಕೇಳಿದಾಗ, ವಿದ್ಯಾವತಿ ತಾನು ಏನನ್ನೋ ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡಳು. ಅವಳು ಏಪೆಕ್ಸ್ ಊರಿನ ಮನೆಯಿಂದ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದದ್ದು ಮಗಳು ಮೈಥಿಲಿಯ ಡಾರ್ಮ್ ರೂಮನ್ನು ಖಾಲಿ ಮಾಡಿಸಿ ಮನೆಗೆ ಕರೆದೊಯ್ಯಲು. ಪರೀಕ್ಷೆ ಮುಗಿಯುವ ತನಕ ಹೊರಗಿನ ಬೆಂಚಿನ ಮೇಲೆ ಕಾಯೋಣ ಎಂದು ಕೂತಿದ್ದಳು, ಅಷ್ಟೇ.

ಬೆಟ್ಟದ ಬುಡದ ಆ ಪುಟ್ಟ ಕಾಲೇಜು ಮಾರ್ಚ್ ತಿಂಗಳಲ್ಲಿ ಒಂದು ಇಮೇಲ್ ಕಳಿಸಿ, ಸಂಗೀತ ವಿಭಾಗವನ್ನು ಮುಚ್ಚುತ್ತಿದ್ದೇವೆ ಎಂದು ತಿಳಿಸಿತ್ತು. ಸಂಗೀತವನ್ನೇ ಓದುತ್ತಿದ್ದವರು ಇಡೀ ಕಾಲೇಜಿಗೆ ಒಂಬತ್ತು ಜನ. ಎರಡನೆಯ ವರ್ಷದ ಮೈಥಿಲಿ ಅವರಲ್ಲಿ ಒಬ್ಬಳು. ಅವಳದು ವಯೋಲಾ, ನೋಡಲು ಪಿಟೀಲಿನಂತೆಯೇ, ಗಾತ್ರದಲ್ಲಿ ತುಸು ದೊಡ್ಡದು, ದನಿ ಗಡುಸು. ಮೂವರು ಅಧ್ಯಾಪಕರಲ್ಲಿ ಇಬ್ಬರು ಆಗಲೇ ಬೇರೆ ಕಡೆ ಕೆಲಸ ಹಿಡಿದು ಹೊರಟುಹೋಗಿದ್ದರು. ವರ್ಷದ ಕೊನೆಯ ಪರೀಕ್ಷೆಯನ್ನು ಇಬ್ಬರು ಕೂತು ಕೇಳಲೇಬೇಕೆಂಬ ನಿಯಮ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಉಳಿದ ಒಬ್ಬರಾದ ಲೊರೇನ್ ಬೆಳಗಿನಿಂದ ಆಫೀಸಿಗೆ ಫೋನ್ ಮಾಡಿ ಮಾಡಿ ಸಾಕಾದ ಮೇಲೆ, ಕಟ್ಟಡದಲ್ಲಿ ಯಾರು ಸಿಗುತ್ತಾರೋ ಅವರನ್ನು ಕೂರಿಸಿಕೊಳ್ಳಿ ಎಂಬ ಉತ್ತರ ಬಂದಿತ್ತಂತೆ.

ತನಗೆ ಸಂಗೀತದ ಗಂಧಗಾಳಿ ಇಲ್ಲವೆಂದು ವಿದ್ಯಾವತಿ ಹೇಳಿದಳು. ಕಿವಿ ಇದೆಯಲ್ಲ, ಸಾಕು ಎಂದರು ಲೊರೇನ್. ಮಗಳೇ ಬೇಡ ಅಂದಾಳು ಎಂದು ಅವಳತ್ತ ತಿರುಗಿದರೆ, ಮೈಥಿಲಿ ವಯೋಲಾದ ಕಮಾನಿನ ತಿರುಪನ್ನು ಬಿಗಿ ಮಾಡುತ್ತಾ ಸಡಿಲಿಸುತ್ತಾ ನಿಂತಿದ್ದಳು.

"ಕೂತ್ಕೋ ಅಮ್ಮ, ಇಟ್ಸ್ ಫೈನ್. ಬಟ್ ನಿಜ ಬರಿ."

ಕೈಗೆ ಬಂದ ಫಾರಂನ ತುಂಬ ಶ್ರುತಿ, ಲಯ, ಸ್ಪಷ್ಟತೆ ಎಂದೆಲ್ಲ ಅಂಕಣಗಳಿದ್ದವು. ಕೊನೆಯಲ್ಲಿ ಒಂದು ಪ್ರಶ್ನೆ: ಈ ವಿದ್ಯಾರ್ಥಿನಿ ಸಂಗೀತದ ಓದನ್ನು ಮುಂದುವರಿಸಬೇಕೇ? ಹೌದು ಎಂಬುದಕ್ಕೊಂದು ಚೌಕ, ಇಲ್ಲ ಎಂಬುದಕ್ಕೊಂದು. ಇಬ್ಬರೂ ಹೌದು ಎಂದರೆ ಮಾತ್ರ ಅಟ್ಲಾಂಟಾದ ಬಳಿಯ ಇನ್ನೊಂದು ಕಾಲೇಜು ಇವಳನ್ನು ನೇರವಾಗಿ ಮೂರನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತದೆ ಎಂದು ಲೊರೇನ್ ವಿವರಿಸಿದರು. ಮನೆಯ ಹತ್ತಿರದ ಯೂನಿವರ್ಸಿಟಿಯಲ್ಲಿ ಡೇಟಾ ಸೈನ್ಸ್‌ಗೆಂದು ವಿದ್ಯಾವತಿಯೇ ಕೂತು ಮಗಳ ಅರ್ಜಿ ತುಂಬಿ ಇಟ್ಟಿದ್ದಳು. ಮೈಥಿಲಿ ಸೈನ್ ಮಾಡುವುದೊಂದು ಬಾಕಿ ಇತ್ತು.

ಮೈಥಿಲಿ ವಯೋಲಾವನ್ನು ಗದ್ದಕ್ಕೆ ಒತ್ತಿಕೊಂಡಳು. ವಿದ್ಯಾವತಿ ಪೆನ್ನು ಹಿಡಿದಳು. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದೇ ಹದಿನೆಂಟು ವರ್ಷದಿಂದ ಅವಳ ಹೊಟ್ಟೆಪಾಡು. ಇಲ್ಲೂ ಅದನ್ನೇ ಮಾಡಿದಳು. ಕಮಾನು ಒಂದು ಕಡೆ ಕಿರ್ರೆಂದಿತು, ಗೆರೆ ಎಳೆದಳು. ಒಂದು ಸ್ವರ ಜಾರಿತು, ಇನ್ನೊಂದು ಗೆರೆ. ಇಷ್ಟು ತಪ್ಪು ಸಾಕೇ, ಇನ್ನೂ ಬೇಕೇ ಎಂದು ಮನಸ್ಸು ಲೆಕ್ಕ ಹಾಕುತ್ತಿರುವುದು ಅವಳಿಗೇ ಹೇಸಿಗೆಯೆನಿಸಿತು. ಅಷ್ಟರಲ್ಲಿ ನಿಧಾನಗತಿಯ ಭಾಗ ಶುರುವಾಯಿತು. ಮನೆಯಲ್ಲಿ ಮುಚ್ಚಿದ ಬಾಗಿಲಿನಾಚೆಯಿಂದ ಬರುವ ಸದ್ದಷ್ಟೇ ಅವಳಿಗೆ ಗೊತ್ತಿತ್ತು. ನುಡಿಸುವಾಗ ಮಗಳ ಮುಖ ಹೀಗಿರುತ್ತದೆಂದು ಗೊತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ಬಾಯಿ ಅರೆ ತೆರೆದು, ಯಾರಿಗೋ ಬಹಳ ಕಷ್ಟದ ಮಾತೊಂದನ್ನು ಹೇಳುತ್ತಿರುವವಳಂತೆ ಇದ್ದಳು. ಕೇಳುತ್ತಾ ಕೇಳುತ್ತಾ ವಿದ್ಯಾವತಿ ಗೆರೆ ಎಳೆಯುವುದನ್ನು ಮರೆತಳು.

ನುಡಿಸಿ ಮುಗಿದ ಮೇಲೆ ಪೆನ್ನು ಇಲ್ಲ ಎಂಬ ಚೌಕದ ಮೇಲೆ ಒಂದಷ್ಟು ಹೊತ್ತು ನಿಂತಿತ್ತು. ಒಂದು ಗೀಟು ಎಳೆದರೆ ಮಗಳು ಮನೆಯಲ್ಲಿ, ಕಣ್ಣೆದುರಿಗೆ. ಅವಳು ಪಕ್ಕದ ಚೌಕಕ್ಕೆ ಸರಿದು, ಹೌದು ಎಂದು ಗುರುತು ಹಾಕಿ, ಮತ್ತೆ ನೋಡದೆ ಕಾಗದವನ್ನು ಲೊರೇನ್ ಕೈಗೆ ಕೊಟ್ಟುಬಿಟ್ಟಳು. ಲೊರೇನ್ ಅದನ್ನು ಓದಿ ಮೈಥಿಲಿಯ ಭುಜ ತಟ್ಟಿದರು. ಅವರ ಮೇಜಿನ ಪಕ್ಕದಲ್ಲೂ ಟೇಪ್ ಹಚ್ಚಿದ ರಟ್ಟಿನ ಡಬ್ಬಗಳಿದ್ದವು.

ಸಾಮಾನು ತುಂಬಿಕೊಂಡು ಇಬ್ಬರೂ ಕಾರಿನಲ್ಲಿ ಹೊರಟರು. ಮೈಥಿಲಿ ಕಿಟಕಿಯ ಗಾಜನ್ನು ಇಳಿಸುವಳು, ಏರಿಸುವಳು, ಮತ್ತೆ ಇಳಿಸುವಳು. ಹೈವೇ ಸೇರಿದ ಮೇಲೆ ತಡೆಯಲಾರದೆ ವಿದ್ಯಾವತಿಯೇ ಬಾಯಿಬಿಟ್ಟಳು. ಇಲ್ಲ ಅಂತ ಬರೆಯುವ ಮನಸ್ಸಿತ್ತು, ಕೇಳಿದ ಮೇಲೆ ಕೈ ಬರಲಿಲ್ಲ ಎಂದಳು. ಮಗಳು ತನ್ನನ್ನು ಒಮ್ಮೆ ತಿರುಗಿ ನೋಡಲಿ ಎಂಬ ಆಸೆ ಆ ಮಾತಿನಲ್ಲಿತ್ತು.

"ನೀನು ನೋ ಹಾಕ್ತೀಯ ಅಂತ ಅಂದ್ಕೊಂಡಿದ್ದೆ," ಎಂದಳು ಮೈಥಿಲಿ, ರಸ್ತೆಯನ್ನೇ ನೋಡುತ್ತಾ. "ಹಾಕ್ಲಿ ಅಂತ ಪ್ರೇ ಮಾಡ್ತಿದ್ದೆ."

ವಿದ್ಯಾವತಿ ಕಾರಿನ ವೇಗ ತಗ್ಗಿಸಿದಳು. "ಯಾಕೆ ಪುಟ್ಟಿ? ನಿಂಗೆ ಇಷ್ಟ ಇಲ್ವಾ?"

"ಪ್ರೊಫೆಸರ್‌ಗೆ ಫಿಫ್ಟಿ ಎಯ್ಟ್ ಅಮ್ಮ. ಈಗ ಹೊಸ ಜಾಬ್ ಹುಡುಕ್ತಿದ್ದಾರೆ. ನಂಗೂ ಹಾಗೇ ಆದ್ರೆ?" ಗಾಜು ಮತ್ತೆ ಮೇಲೇರಿ ನಿಂತಿತು. "ತುಂಬಾ ಇಷ್ಟ ಇದೆ. ಅದಕ್ಕೇ ನಾನಾಗೇ ಸ್ಟಾಪ್ ಮಾಡಕ್ಕೆ ಆಗ್ತಾ ಇಲ್ಲ."